ತೃಪ್ತಿಗೆ ಐದಕ್ಕೆ ಎಷ್ಟು?

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟ್ಲು. ಒಗ್ಗರಣೆ-ಮಿರ್ಚಿ ಮುಂದೆ ಮಾವ, ಅಳಿಯ.

"ಅಲ್ಲಲೇ, ಬೆಂಗ್ಳೂರಾಗ ಅಷ್ಟು ದೊಡ್ಡ ಐಟಿ ಕಂಪ್ನಿ ಯಾಕ್ ಬಿಟ್ಟಿ?"

"ತೃಪ್ತಿ ಇರ್ಲಿಲ್ಲ ಮಾಮಾ."

"ಅವ್ರಿಗೆ ಹೇಳ್ಬೇಕಿತ್ತು."

"ಮೂರು ತಿಂಗಳಿಗೊಮ್ಮೆ ಅವ್ರೇ ಕೇಳ್ತಿದ್ರು, ತೃಪ್ತಿಗೆ ಐದಕ್ಕೆ ಎಷ್ಟು ಮಾರ್ಕ್ಸು ಅಂತ. ಹೆಸ್ರು ಹಾಕಂಗಿಲ್ಲ, ಪೂರಾ ಗುಟ್ಟು. ಎರಡು ಕೊಟ್ಟೆ. ಮರುದಿನ ಮ್ಯಾನೇಜರು ಕರೆದು, 'ಎರಡೇ ಯಾಕ?' ಅಂದ."

(ಗುಟ್ಟಿನ ವಿಷಯದಲ್ಲಿ ನಮ್ಮೂರ ಹೋಟ್ಲೇ ವಾಸಿ.)

"ಈಗ ದಾಳಿಂಬಿ ಹಾಕೀಯಲ್ಲ, ಇದಕ್ಕೆಷ್ಟು?"

"ಮಾಲವಿ ಡ್ಯಾಂ ತುಂಬಿದ್ರ ಐದು. ದುಂಡಾಣು ಬಂದು, ಕಾಯಿ ಮ್ಯಾಲೆ ಕರೇ ಚುಕ್ಕಿ ಬಿದ್ದು ಸೀಳಿದ್ರ ಸೊನ್ನಿ. ಆದ್ರ ಯಾಕ ಸೀಳ್ತು ಅಂತ ಮೀಟಿಂಗ್ ಕರ್ಯಂಗಿಲ್ಲ."

"ಬ್ಯಾಂಕಿನವ್ರು ಕರೀತಾರ ತಡಿ."

ಅಳಿಯ ಮಿರ್ಚಿ ಕಚ್ಚಿದ.

"ಅದಿರ್ಲಿ, ನಾಳೆ ಹೆಣ್ಣಿನ ಕಡ್ಯಾರು ಬಂದಾಗ ಮಾತ್ರ ವರ್ಕ್ ಫ್ರಮ್ ಹೋಮ್ ಅನ್ನು."