ನಿದ್ದೆ ಗೊರೂರಿನಿಂದ ಬರಬೇಕು

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಈಜು, ಪಿಯಾನೊ, ಚೆಸ್ಸು, ವಾರಾಂತ್ಯದ ಕನ್ನಡ ತರಗತಿ ಎಲ್ಲ ಆದ ಮೇಲೆ ಕೋಚಿಂಗ್ ಇಲ್ಲದೆ ಉಳಿದಿದ್ದು ನಿದ್ದೆ ಒಂದೇ. ಅದಕ್ಕೂ ಈಗ ಬಂದಿದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರು 2016ರಲ್ಲಿ ಹೇಳಿದ್ದು ನಮ್ಮನೆ ಫ್ರಿಜ್ಜಿನ ಬಾಗಿಲ ಮೇಲಿದೆ. ಮಗ ಅದನ್ನು ಓದಿಕೊಂಡೇ ಎಚ್ಚರವಾಗಿರುತ್ತಾನೆ.

ಎಂಟೂವರೆಗೆ ದೀಪ ಆರಿಸಿ ಧ್ಯಾನದ ಆ್ಯಪ್ ಹಾಕಿದರೆ, ಒಬ್ಬಾಕೆ ಪಿಸುದನಿಯಲ್ಲಿ ಕಡಲತೀರಕ್ಕೆ ಕರೆದೊಯ್ಯುತ್ತಾಳೆ. ಅಲೆಯ ಸದ್ದು ಕೇಳಿದ್ದೇ ಇವನಿಗೆ ಉಚ್ಚೆಗೆ ಅವಸರ. ಹೋಗಿಬಂದು ಮಲಗಿದರೆ ಬಾಯಾರಿಕೆ. ಆಮೇಲೆ, ತಿಮಿಂಗಿಲ ಯಾವ ಮಗ್ಗುಲಲ್ಲಿ ಮಲಗುತ್ತೆ ಎಂಬ ಪ್ರಶ್ನೆ. ಕೊನೆಗೆ ಅಪ್ಪ ಅಮ್ಮ ಇಬ್ಬರೂ "ರಿಲ್ಯಾಕ್ಸ್ ಆಗೋ!" ಎಂದು ಕಿರುಚುವ ಹೊತ್ತಿಗೆ ಪಕ್ಕದ ಮನೆಯ ನಾಯಿಯೂ ಎದ್ದಿರುತ್ತದೆ.

ಧ್ಯಾನದ್ದೇನೂ ತಪ್ಪಿಲ್ಲ. ಇಲ್ಲೇ ಹತ್ತಿರದ ಈಸ್ಟ್ ಪಾಲೊ ಆಲ್ಟೊದ ಶಾಲೆಗಳಲ್ಲಿ ಮಕ್ಕಳಿಗೆ ಎರಡು ವರ್ಷ ಉಸಿರಾಟ, ಯೋಗದ ಚಲನೆ ಕಲಿಸಿದರು. ಸ್ಟ್ಯಾನ್‌ಫರ್ಡಿನವರು ಮನೆಗೇ ಯಂತ್ರ ತಂದು ಅವರ ನಿದ್ದೆ ಅಳೆದರು. 2021ರಲ್ಲಿ ಪ್ರಕಟವಾದ ಲೆಕ್ಕದಂತೆ ರಾತ್ರಿಗೆ ಸರಾಸರಿ 74 ನಿಮಿಷ ಹೆಚ್ಚುವರಿ ನಿದ್ದೆ. ಸೊಗಸೇನೆಂದರೆ, ಆ ಪಾಠದಲ್ಲಿ ನಿದ್ದೆಯ ಮಾತೇ ಇರಲಿಲ್ಲ. ಹಗಲಲ್ಲಿ ಕಲಿತದ್ದು ರಾತ್ರಿ ತಾನಾಗಿ ಕೆಲಸ ಮಾಡಿತು. ನಾವೋ, ಹಾಸಿಗೆಯಲ್ಲೇ ಪರೀಕ್ಷೆ ಇಟ್ಟು ಅವತ್ತೇ ರಿಸಲ್ಟ್ ಕೇಳುವ ಪೈಕಿ.

ನಮ್ಮಮ್ಮ ಗುಬ್ಬಿ ತಾಲ್ಲೂಕಿನ ಕಡಬದಲ್ಲಿದ್ದಾರೆ. ನಮ್ಮ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎಂಟೂವರೆಯಾದರೆ ಅಲ್ಲಿ ಮಾರನೇ ದಿನ ಬೆಳಿಗ್ಗೆ ಒಂಬತ್ತು. ತಿಂಡಿ ಮುಗಿಸಿ ವಿಡಿಯೊ ಕಾಲ್‌ಗೆ ಕೂತಿರುತ್ತಾರೆ. ಕಡಲತೀರದ ಕಥೆ ಕೇಳಿ, "ಸಮುದ್ರ ಯಾಕೆ? ಶ್ರೀರಾಮನೇ ಏರಿ ಹಾಕ್ಸಿದ ಕೆರೆ ನಮ್ಮೂರಲ್ಲಿಲ್ವಾ? ಕಣ್ಮುಚ್ಕೊ ಮಗಾ" ಎಂದು ತಾವೇ ಶುರುಮಾಡಿದರು.

"ಗೊರೂರು ಡ್ಯಾಮಲ್ಲಿ ಗೇಟ್ ಎತ್ತಿದ್ರು. ಹೇಮಾವತಿ ಮೆಲ್ಲಗೆ ನಾಲೆಗೆ ಇಳಿದ್ಲು. ಉಸಿರು ಎಳ್ಕೊ. ಬಾಗೂರು-ನವಿಲೆ ಸುರಂಗದೊಳಕ್ಕೆ ಹೋದ್ಲು. ಒಳಗೆಲ್ಲ ಕತ್ತಲೆ, ತಣ್ಣಗೆ. ಈಗ ಬಿಡು..."

ಮಗನ ರೆಪ್ಪೆ ಜಗ್ಗತೊಡಗಿತು. ಊರಿನ ದಾರಿ ಗೊತ್ತಿದ್ದು, ಆತುರವಿಲ್ಲದವರು ಹೇಳಿದರೆ ಆಗುವುದೇ ಹೀಗೆ. ಆದರೆ ನೀರು ಗುಬ್ಬಿ ತಾಲ್ಲೂಕು ಮುಟ್ಟುತ್ತಲೇ ಅಮ್ಮನ ದನಿ ಏರಿತು.

"ಅಷ್ಟ್ರಲ್ಲಿ ಎಕ್ಸ್‌ಪ್ರೆಸ್ ಕೆನಾಲ್ ತೋಡಿ ನೇರ ಕುಣಿಗಲ್‌ಗೆ ತಗೊಂಡೋಗ್ತಾರಂತೆ! ನಾವೇನ್ ಮಣ್ಣು ತಿನ್ನಾಣಾ?"

2025ರಲ್ಲಿ ಗುಬ್ಬಿ ಸೀಮೆ ಬೀದಿಗಿಳಿದದ್ದೇ ಈ ಕಾಲುವೆಯ ವಿರುದ್ಧ. ಅಮ್ಮನ ಹೊಟ್ಟೆಯುರಿ ಇನ್ನೂ ತಣ್ಣಗಾಗಿಲ್ಲ. ಫಜೀತಿಯೆಂದರೆ, ನನ್ನ ಹೆಂಡತಿ ಕುಣಿಗಲ್‌ನವಳು. ಮಡಿಸುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟು ಬಂದಳು.

"ಅಲ್ಲ ಅತ್ತೆ, ನಮ್ಮೂರಿರೋದು ನಾಲೆ ಕೊನೇಲಿ. ಮೇಲಿನೋರು ಬಿಟ್ರೆ ತಾನೇ ನಮಗೆ? ನಾವು ನೀರು ಕುಡೀಬಾರ್ದಾ?"

"ಕುಡಿಯಮ್ಮ, ಯಾರ್ ಬ್ಯಾಡ ಅಂದ್ರು? ಎಲ್ಲರ ಥರ ನಾಲೇಲೇ ಬರ್ಲಿ."

"ಇಬ್ರೂ ಒಂದ್ಸಲ ಉಸಿರು ಎಳ್ಕೊಳ್ಳಿ" ಎಂದೆ. ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದಿಂದ ಒಬ್ಬರು, ಮಂಚದ ಪಕ್ಕದಿಂದ ಒಬ್ಬರು, ಒಟ್ಟಿಗೇ ನನ್ನ ಮೇಲೆ ತಿರುಗಿದರು.

ಮಗ ಒಂದು ಕಣ್ಣು ತೆರೆದ. "ಅಜ್ಜಿ, ಕೆರೆ ತುಂಬ್ತೋ ಇಲ್ವೋ ಬೇಗ ಹೇಳು. ನಾಳೆ ನಂಗೆ ಸ್ಕೂಲಿದೆ."