ಖಾ ಮೇಷ್ಟ್ರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ದಾರಿಗಳು ಕೂಡುವ ಕೆ.ಬಿ. ಕ್ರಾಸಿನ ಟೀ ಅಂಗಡಿಯಲ್ಲಿ ಮೇಷ್ಟ್ರೊಬ್ಬರು ಸಿಕ್ಕೇ ಸಿಗುತ್ತಾರೆ. ರಿಟೈರಾದ ಮೇಲೆ ತಿದ್ದಲು ಮಕ್ಕಳ ಕಾಪಿ ಪುಸ್ತಕ ಸಿಗದೆ ಊರವರ ನಾಲಿಗೆ ತಿದ್ದಲು ಕೂತವರು. ‘ಮಾಸ್ಟರ್’ ಎಂಬುದನ್ನು ಇಡೀ ತಾಲ್ಲೂಕು ‘ಮೇಷ್ಟ್ರು’ ಮಾಡಿದ್ದಕ್ಕೆ ಮಾತ್ರ ಇವರ ತಕರಾರಿಲ್ಲ.

ತೋಟ ತೋಟ ತಿರುಗಿ ಕಾಯಿ ಕೊಳ್ಳುವ ಖಾದರ್ ಸಾಬರು ಇವರಿಗೆ ಖಾಯಂ ಪಾಠ. ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದ ಅಜ್ಜಿ “ಕಾದ್ರಣ್ಣಾ” ಎಂದರೆ ಸಾಕು, ಮೇಷ್ಟ್ರು ಎದ್ದರು. “ಕಾದ್ರಣ್ಣ ಅಲ್ಲ ಕಣಜ್ಜಿ! ಅರಬ್ಬಿ ಹೆಸರು. ಗಂಟಲಿಂದ ಬರಬೇಕು. ಖ್ಖಾ...” ಕೊಬ್ಬರಿ ತುರಿ ನೆತ್ತಿಗೇರಿದವರಂತೆ ಅವರು ಕೆಮ್ಮುವಾಗ ನೀರು ತರುವವರು ಸಾಬರೇ.

ತಮಾಷೆಯೆಂದರೆ, ಅರಬ್ಬಿಯಲ್ಲಿ ಅದು ಅಬ್ದುಲ್ ಕಾದಿರ್. ನಾಲಿಗೆಯ ಬುಡ ಕಿರುನಾಲಿಗೆಗೆ ತಾಗಿ ಹುಟ್ಟುವ ಕಾಫ್ ಅಕ್ಷರ. ಅದರಲ್ಲಿ ‘ಖ’ ಇಲ್ಲವೇ ಇಲ್ಲ. ಕಾಫನ್ನು ಖ ಮಾಡಿಕೊಂಡದ್ದು ನಮ್ಮ ಕಡೆಯ ದಖನಿ ಮಾತು. 2023ರಲ್ಲಿ ವಿಧಾನಸಭೆಯ ಸ್ಪೀಕರ್ ಆದ ಯು.ಟಿ. ಖಾದರ್ ಹೆಸರನ್ನೂ ಪತ್ರಿಕೆಗಳು ಖಕಾರದಲ್ಲೇ ಅಚ್ಚು ಹಾಕುತ್ತವೆ. ಕೊಲ್ಲಿಯ ಕಡೆ ಹೋದರೆ ಅದೇ ಹೆಸರು ‘ಗಾದಿರ್’, ಕೈರೋ ಬೀದಿಯಲ್ಲಿ ಬರೀ ‘ಆದಿರ್’. ಅರಬ್ಬರೇ ಒಮ್ಮತಕ್ಕೆ ಬಂದಿಲ್ಲ. ಇದ್ದುದರಲ್ಲಿ ಮೂಲಕ್ಕೆ ಹತ್ತಿರವಿರುವುದು ಹಲ್ಲಿಲ್ಲದ ಅಜ್ಜಿಯ ‘ಕಾ’. ಇದನ್ನು ಮೇಷ್ಟ್ರಿಗೆ ಹೇಳುವ ಧೈರ್ಯ ನನಗಂತೂ ಇಲ್ಲ. ಮಂಡಿಯಲ್ಲಿ ದಲ್ಲಾಳಿಯನ್ನು ಹಿಡಿದು “ನನ್ನ ಬಾಕಿ ಎಷ್ಟಯ್ಯಾ?” ಎನ್ನುವಾಗ ಆ ‘ಬಾಕಿ’ಯೊಳಗೂ ಅದೇ ಕಾಫ್ ಕೂತಿದೆ, ಅಲ್ಲಿ ಅವರು ಎಂದೂ ಕೆಮ್ಮಿದ್ದಿಲ್ಲ.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಟೀ ಅಂಗಡಿಯಲ್ಲಿ ಆ ಕೊನೆಯ ‘ಕ್’ ಮೇಲೆ ವಾರವಿಡೀ ಉಪನ್ಯಾಸ ನಡೆಯಿತು. ಅವರ ಕತೆ ಯಾವುದನ್ನಾದರೂ ಓದಿದ್ದೀರಾ ಎಂದು ಯಾರೋ ಹುಡುಗ ಕೇಳಿದ. “ಮೊದಲು ಹೆಸರು ಸರಿಯಾಗಿ ಬರಲಿ” ಎಂದರು.

ಮೊನ್ನೆ ಸಾಬರು ಕಾಯಿಯ ದುಡ್ಡು ಎಣಿಸಿ ಕೊಡುತ್ತ, “ಇಷ್ಟು ಕಷ್ಟ ಅಂತ ಗೊತ್ತಿದ್ರೆ ನಮ್ಮಪ್ಪ ಬೇರೆ ಹೆಸರಿಡ್ತಿದ್ರು ಮೇಷ್ಟ್ರೇ” ಎಂದರು.

“ಬೇರೆ ಅಂದ್ರೆ?”

“ಗಫೂರ್ ಅಂತ.”

ಮೇಷ್ಟ್ರು ಕುರ್ಚಿ ಮುಂದಕ್ಕೆಳೆದುಕೊಂಡರು.