ಎ ಖಾತಾ ಕರೆಂಟು, ಬಿ ಖಾತಾ ಕರೆಂಟು

ಎಲೆಕ್ಟ್ರಿಕ್ ಕಾರಿನ ಶೋರೂಮಿಗೆ ಕಾಲಿಟ್ಟರೆ ಮೊದಲು ಸಿಗುವುದು ಕಾಫಿ, ಆಮೇಲೆ 'ಕಿಲೋಮೀಟರಿಗೆ ಬರೀ ಒಂದು ರೂಪಾಯಿ ಸಾರ್' ಎಂಬ ಮಾತು. ಕಾಫಿಯಷ್ಟೇ ಬಿಸಿಯಾದ ಈ ಮಾತು ಸುಳ್ಳೇನಲ್ಲ. ಹೇಳುವ ಹುಡುಗ ಸತ್ಯವಂತನೇ. ಬಣ್ಣ ಯಾವುದು, ಬ್ಯಾಟರಿ ಎಷ್ಟು ದೊಡ್ಡದು, ಸನ್‌ರೂಫ್ ಬೇಕಾ ಎಂದು ಎಲ್ಲವನ್ನೂ ಕೇಳುವ ಆತ ಒಂದನ್ನು ಮಾತ್ರ ಕೇಳುವುದಿಲ್ಲ: 'ಮನೆ ಸ್ವಂತದ್ದಾ ಸಾರ್, ಬಾಡಿಗೆಯದ್ದಾ?' ಮೊದಲು ಕೇಳಬೇಕಾದದ್ದೇ ಅದು. ಪೆಟ್ರೋಲ್ ಕಾರಿನ ಮೈಲೇಜು ಎಂಜಿನ್ನಿನಲ್ಲಿರುತ್ತದೆ. ಎಲೆಕ್ಟ್ರಿಕ್ ಕಾರಿನ ಮೈಲೇಜು ಇರುವುದು ಮನೆಯ ಖಾತಾ ಪತ್ರದಲ್ಲಿ.

ಲೆಕ್ಕ ಹಾಕೋಣ. 45 ಯೂನಿಟ್ಟಿನ ಬ್ಯಾಟರಿಯ ಕಾರೊಂದನ್ನು ಶೇ. 10ರಿಂದ 80ರವರೆಗೆ ತುಂಬಿಸಿದರೆ ಊರೊಳಗೆ ಹೆಚ್ಚುಕಡಿಮೆ 200 ಕಿಲೋಮೀಟರು ಓಡುತ್ತದೆ. ಮನೆಯ ಪ್ಲಗ್ಗಿನಲ್ಲಿ, ದಾರಿಯಲ್ಲಿ ಸೋರಿದ್ದೂ ಸೇರಿ, 35 ಯೂನಿಟ್ ಬೇಕು. ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ ಎಲ್ಲ ಬಡಿದು ಯೂನಿಟ್ಟಿಗೆ ಏಳು ರೂಪಾಯಿ ಹಿಡಿಯಿರಿ, 245 ರೂಪಾಯಿ. ಇದೇ ಕಾರನ್ನು ಸಾರ್ವಜನಿಕ ಫಾಸ್ಟ್ ಚಾರ್ಜರಿಗೆ ಸಿಕ್ಕಿಸಿ. 32 ಯೂನಿಟ್ ಸಾಕು, ಆದರೆ ದರ 25 ರೂಪಾಯಿ ಇದ್ದರೆ 800 ಆಯಿತು. ಅದರ ಮೇಲೆ ಶೇ. 18 ಜಿಎಸ್‌ಟಿ ಕೂತು 944. ಲೀಟರಿಗೆ 20 ಕಿಲೋಮೀಟರ್ ಕೊಡುವ ಹಳೇ ಡೀಸೆಲ್ ಕಾರು, ಡೀಸೆಲ್ 91 ರೂಪಾಯಿ ಇರುವಾಗ, ಅಷ್ಟೇ ದೂರವನ್ನು 910 ರೂಪಾಯಿಯಲ್ಲಿ ಮುಗಿಸುತ್ತದೆ. ಹೊಗೆ ಉಗುಳಿಕೊಂಡೇ ಮುಗಿಸುತ್ತದೆ, ನಿಜ. ಆದರೆ 34 ರೂಪಾಯಿ ಉಳಿಸಿ ಹೊಗೆ ಉಗುಳುತ್ತದೆ.

ಬೆಂಗಳೂರಿನವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಬೀದಿ, ಒಂದೇ ಅಳತೆಯ ಸೈಟು. ಒಂದು ದಾಖಲೆ ಪಕ್ಕಾ ಇರುವ ಎ ಖಾತಾ, ಪಕ್ಕದ್ದು ದಾಖಲೆ ಅರೆಬರೆಯಾದ ಬಿ ಖಾತಾ. ಶರಾವತಿಯಲ್ಲಿ ಹುಟ್ಟಿ, ಒಂದೇ ಕಂಬದ ಮೇಲೆ ಹರಿದು ಬಂದ ಕರೆಂಟಿಗೂ ಈಗ ಅದೇ ಯೋಗ. ಸ್ವಂತ ಗ್ಯಾರೇಜಿಗೆ ಇಳಿದರೆ ಎ ಖಾತಾ, ಬೀದಿಬದಿಯ ಚಾರ್ಜರಿಗೆ ಇಳಿದರೆ ಬಿ ಖಾತಾ.

ಹಾಗಾದರೆ ಚಾರ್ಜಿಂಗ್ ಕೇಂದ್ರಕ್ಕೆ ಬೆಸ್ಕಾಂ ಕರೆಂಟನ್ನು ದುಬಾರಿಗೆ ಮಾರುತ್ತದೆಯೇ? ಇಲ್ಲವೇ ಇಲ್ಲ. ಅದಕ್ಕೆಂದೇ ಪ್ರತ್ಯೇಕ ದರವಿದೆ, ನಾಲ್ಕೂವರೆ-ಐದು ರೂಪಾಯಿಯ ಆಸುಪಾಸು, ಮನೆಯ ದರಕ್ಕಿಂತ ಕಡಿಮೆ. ಕಡಿಮೆಗೆ ಒಳಗೆ ಹೋದದ್ದು ಐದಾರು ಪಟ್ಟಾಗಿ ಹೊರಗೆ ಬರುವ ಪವಾಡದಲ್ಲಿ ನಮ್ಮ ಕಾನೂನಿನ ಕೈವಾಡವೂ ಇದೆ.

2018ರ ಏಪ್ರಿಲ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಒಂದು ಸ್ಪಷ್ಟೀಕರಣ ಕೊಟ್ಟಿತು. ವಾಹನಕ್ಕೆ ಚಾರ್ಜ್ ಮಾಡುವುದೆಂದರೆ ವಿದ್ಯುತ್ ಮಾರುವುದಲ್ಲ, ಅದೊಂದು ಸೇವೆ. ಆದ್ದರಿಂದ ಲೈಸೆನ್ಸ್ ಬೇಡ ಎಂದಿತು. ಉದ್ದೇಶ ಒಳ್ಳೆಯದೇ, ಇಲ್ಲದಿದ್ದರೆ ಬೇಕರಿಯವನೂ ಒಂದು ಚಾರ್ಜರ್ ಇಡಲು ಎಸ್ಕಾಂ ಆಗಬೇಕಿತ್ತು. ಮರುವರ್ಷ ಜಿಎಸ್‌ಟಿ ಮಂಡಳಿ ಉದಾರವಾಯಿತು. ಎಲೆಕ್ಟ್ರಿಕ್ ವಾಹನದ ತೆರಿಗೆ ಶೇ. 12ರಿಂದ 5ಕ್ಕೆ, ಚಾರ್ಜರ್ ಯಂತ್ರದ್ದು 18ರಿಂದ 5ಕ್ಕೆ ಇಳಿಯಿತು. ವಿದ್ಯುತ್ತಿಗಂತೂ ಜಿಎಸ್‌ಟಿಯೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. 2023ರಲ್ಲಿ ನಮ್ಮ ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್, ಚಾರ್ಜಿಂಗ್‌ಗೆ ತೆರಿಗೆ ಉಂಟೋ ಇಲ್ಲವೋ ಎಂದು ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. ಉತ್ತರ ಸಿದ್ಧವಾಗಿಯೇ ಇತ್ತು: ಇದು ಸೇವೆ ತಾನೇ? ಹಾಗಾದರೆ ಶೇ. 18.

ಕಾರಿಗೆ ಐದು, ಯಂತ್ರಕ್ಕೆ ಐದು, ಕರೆಂಟಿಗೆ ಸೊನ್ನೆ. ಮೂರೂ ಸೇರಿ ಕೆಲಸ ಶುರುಮಾಡಿದ ಕ್ಷಣ ಹದಿನೆಂಟು. ಸುಮ್ಮನೆ ನಿಂತ ಕಾರಿನ ಮೇಲೆ ಸರ್ಕಾರಕ್ಕಿರುವ ಪ್ರೀತಿ ಓಡುವ ಕಾರಿನ ಮೇಲಿಲ್ಲ. ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿಕೊಂಡವನು ಯಾವ ಸೇವೆಯನ್ನೂ ಪಡೆದಿಲ್ಲವಾದ್ದರಿಂದ ಅವನಿಗೆ ಈ ಹದಿನೆಂಟು ತಟ್ಟುವುದಿಲ್ಲ. ಗೇಟಿನ ಹೊರಗೆ ಕಾರು ನಿಲ್ಲಿಸುವವನು ಮಾತ್ರ ಸೇವೆಯ ಸುಖ ಉಂಡವನು, ಕಟ್ಟಬೇಕು.

ಚಾರ್ಜಿಂಗ್ ಕೇಂದ್ರದವನನ್ನು ಬೈದು ಪ್ರಯೋಜನವಿಲ್ಲ. ಲಕ್ಷಗಟ್ಟಲೆ ಯಂತ್ರಕ್ಕೆ ಸುರಿದಿದ್ದಾನೆ, ಟ್ರಾನ್ಸ್‌ಫಾರ್ಮರ್ ಹಾಕಿಸಿದ್ದಾನೆ, ಜಾಗಕ್ಕೆ ಬಾಡಿಗೆ ಕಟ್ಟುತ್ತಾನೆ. ಇಡೀ ದಿನ ಒಂದು ಕಾರೂ ಬಾರದಿದ್ದರೂ ಮಂಜೂರಾದ ಲೋಡಿನ ನಿಗದಿತ ಶುಲ್ಕ ಬಿಲ್ಲಿನಲ್ಲಿ ಬಂದೇ ಬರುತ್ತದೆ. ಬಾರದ ಹತ್ತು ಗಿರಾಕಿಗಳ ನಷ್ಟವನ್ನು ಬಂದ ಒಬ್ಬನ ತಲೆಗೆ ಕಟ್ಟದೆ ಅವನಿಗೂ ವಿಧಿಯಿಲ್ಲ. ದರ ಹೆಚ್ಚೆಂದು ಜನ ಬರುವುದಿಲ್ಲ, ಜನ ಬರುವುದಿಲ್ಲವೆಂದು ದರ ಹೆಚ್ಚು.

ಸರಿ, ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳೋಣ ಎಂದು ಬಾಡಿಗೆದಾರ ಓನರ್ ಮನೆಯ ಬಾಗಿಲು ತಟ್ಟುತ್ತಾನೆ.

'ಸಾರ್, ಕೆಳಗೆ ಒಂದು ಹದಿನಾರು ಆಂಪಿನ ಪಾಯಿಂಟ್ ಹಾಕಿಸಿಕೊಳ್ಳಲಾ? ಖರ್ಚು ನಂದೇ.'

'ನೋಡಪ್ಪಾ, ಗೀಸರ್ ಹಾಕಿದರೇ ನನ್ನ ಎಂಸಿಬಿ ಟ್ರಿಪ್ ಆಗುತ್ತೆ. ಇನ್ನು ನಿನ್ನ ಕಾರಿಗೆ ಬೇರೆ ಕರೆಂಟು ಕುಡಿಸ್ತೀಯಾ?'

'ಸಬ್ ಮೀಟರ್ ಹಾಕಿಸ್ತೀನಿ ಸಾರ್.'

'ಹಾಕಿಸು, ಬೇಡ ಅನ್ನಲ್ಲ. ಆದರೆ ಅಲ್ಲಿ ನಮ್ಮ ಅಳಿಯಂದ್ರ ಕಾರು ನಿಲ್ಲುತ್ತೆ.'

ಅಳಿಯಂದಿರು ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬರುತ್ತಾರೆ. ಉಳಿದ ದಿನ ಅಲ್ಲಿ ತೆಂಗಿನ ಗರಿ ಚಾರ್ಜ್ ಆಗುತ್ತಿರುತ್ತದೆ.

ಅಪಾರ್ಟ್‌ಮೆಂಟಿನವರ ಪಾಡು ಇನ್ನೂ ಸೊಗಸು. ಅಲ್ಲಿ ಓನರ್ ಒಬ್ಬನಲ್ಲ, ಅಸೋಸಿಯೇಷನ್ನು. ಚಾರ್ಜರ್ ಪ್ರಸ್ತಾಪ ಬಂದ ರಾತ್ರಿಯೇ ವಾಟ್ಸಾಪ್ ಗುಂಪಿಗೆ ಯಾವುದೋ ದೇಶದಲ್ಲಿ ಯಾವುದೋ ಸ್ಕೂಟರ್ ಹೊತ್ತಿಕೊಂಡ ವಿಡಿಯೋ ಬೀಳುತ್ತದೆ. 'ಬೇಸ್‌ಮೆಂಟಿನಲ್ಲಿ ಬೆಂಕಿಯ ಅಪಾಯ' ಎಂದು ಠರಾವಾಗುತ್ತದೆ. ಅದೇ ಬೇಸ್‌ಮೆಂಟಿನಲ್ಲಿ ಟ್ಯಾಂಕು ತುಂಬ ಪೆಟ್ರೋಲ್ ಹೊತ್ತ ನೂರು ಕಾರುಗಳು, ಮೂಲೆಯಲ್ಲಿ ಜನರೇಟರಿನ ಡೀಸೆಲ್ ಡ್ರಮ್ಮು, ಎಲ್ಲವೂ ಶಾಂತಿಯಿಂದ ಸಹಬಾಳ್ವೆ ನಡೆಸುತ್ತಿರುತ್ತವೆ. ಕೊನೆಗೆ ಧೈರ್ಯವಂತನೊಬ್ಬ ಎರಡನೇ ಮಹಡಿಯ ಬಾಲ್ಕನಿಯಿಂದ ಎಕ್ಸ್‌ಟೆನ್ಷನ್ ವಯರು ಇಳಿಬಿಟ್ಟು, ಫುಟ್‌ಪಾತ್ ದಾಟಿಸಿ, ಕಾರಿಗೆ ಸಿಕ್ಕಿಸುತ್ತಾನೆ. ಸುರಕ್ಷತೆಯ ಠರಾವು ಮಾಡಿದವರೇ ಬೆಳಗ್ಗೆ ಆ ವಯರನ್ನು ಎಡವದಂತೆ ದಾಟಿಕೊಂಡು ವಾಕಿಂಗ್ ಹೋಗುತ್ತಾರೆ.

ಎ ಖಾತಾದವರೆಲ್ಲ ಸುಖಿಗಳು ಎಂದೂ ತಿಳಿಯಬೇಡಿ. ಇನ್ನೂರು ಯೂನಿಟ್ಟಿನೊಳಗಿನ ಮನೆಗಳಿಗೆ ಸರ್ಕಾರ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಎಂಬುದೊಂದಿದೆಯಲ್ಲ. ತಿಂಗಳಿಗೆ 90 ಯೂನಿಟ್ ಉರಿಸಿ ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮನೆಗೆ ಎಲೆಕ್ಟ್ರಿಕ್ ಕಾರು ಬಂತು ಎನ್ನಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಕಾರೊಂದೇ 175 ಯೂನಿಟ್ ಕುಡಿಯುತ್ತದೆ. ಮೊತ್ತ 265. ಇನ್ನೂರು ದಾಟಿತೋ, ದಾಟಿದ ಅರವತ್ತೈದಕ್ಕಷ್ಟೇ ಅಲ್ಲ, ಪೂರ್ತಿ 265ಕ್ಕೂ ಬಿಲ್ಲು. ಏಳರ ಲೆಕ್ಕದಲ್ಲಿ 1,855 ರೂಪಾಯಿ. ಕಾರು ಬರುವ ಮುಂಚೆ ಸೊನ್ನೆ ಇದ್ದದ್ದರಿಂದ ಅಷ್ಟೂ ಕಾರಿನ ತಲೆಗೇ ಹೋಗಬೇಕು: ಯೂನಿಟ್ಟಿಗೆ ಹನ್ನೊಂದರ ಹತ್ತಿರ. ಶೋರೂಮಿನ ಒಂದು ರೂಪಾಯಿ ಮನೆಗೆ ಬರುವಷ್ಟರಲ್ಲಿ ಎರಡಾಯಿತು. ಆದರೂ ಬಿ ಖಾತಾದವನ ಅರ್ಧವೂ ಆಗಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಬಿ ಖಾತಾದವನ ಖರ್ಚು ಚಾರ್ಜರಿನ ಬಿಲ್ಲಿಗೇ ಮುಗಿಯುವುದಿಲ್ಲ. ಕಂಪನಿಗೊಂದು ಆ್ಯಪ್, ಆ್ಯಪ್‌ಗೊಂದು ವಾಲೆಟ್, ವಾಲೆಟ್ಟಿನಲ್ಲಿ ಬಳಸಲೂ ಬಾರದ, ಬಿಡಲೂ ಮನಸ್ಸಾಗದ ಚಿಲ್ಲರೆ. ಮ್ಯಾಪಿನಲ್ಲಿ ಹಸಿರಾಗಿ ಕಾಣುವ ಚಾರ್ಜರ್ ಹತ್ತಿರ ಹೋದರೆ ಕೆಟ್ಟಿರುತ್ತದೆ. ಕೆಡದಿದ್ದರೆ ಅದರ ಮುಂದೆ ಪೆಟ್ರೋಲ್ ಕಾರು ನಿಂತಿರುತ್ತದೆ. 'ಫಾಸ್ಟ್' ಎಂಬ ಬೋರ್ಡಿನ 30 ಕಿಲೋವ್ಯಾಟಿನ ಯಂತ್ರಕ್ಕೆ ನಮ್ಮ 32 ಯೂನಿಟ್ ತುಂಬಲು ಗಂಟೆ ಮೀರುತ್ತದೆ. ಮೈಸೂರು ರಸ್ತೆಯಾದರೆ ಆ ಹೊತ್ತಿಗೆ ಬಿಡದಿಯ ತಟ್ಟೆ ಇಡ್ಲಿಯೋ ಮದ್ದೂರು ವಡೆಯೋ ಹೊಟ್ಟೆಗಿಳಿಯದೆ ಇರದು. ಅದನ್ನೂ ಇಂಧನ ವೆಚ್ಚಕ್ಕೇ ಬರೆದುಕೊಳ್ಳಬೇಕು.

ಸರ್ಕಾರವನ್ನು ಕೇಳಿದರೆ ಅದರ ಬಳಿ ಹೆಮ್ಮೆಯ ಪಟ್ಟಿ ಇದೆ. 2017ರಲ್ಲಿ ಎಲೆಕ್ಟ್ರಿಕ್ ವಾಹನ ನೀತಿ ತಂದ ದೇಶದ ಮೊದಲ ರಾಜ್ಯ ನಮ್ಮದು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಲೆಕ್ಕದಲ್ಲೂ ಮುಂಚೂಣಿಯಲ್ಲಿದ್ದೇವೆ. ಕೇಂದ್ರ ಎಷ್ಟು ಎಂಬ ಲೆಕ್ಕ ವಿಧಾನಸೌಧದಲ್ಲಿ ಸಿಗುತ್ತದೆ. ಅಲ್ಲಿ ಚಾರ್ಜ್ ಮಾಡಿಸಿದವನಿಗೆ ಎಷ್ಟು ಬಿತ್ತು ಎಂಬ ಲೆಕ್ಕ ಅವನ ಜೇಬಿನಲ್ಲಷ್ಟೇ ಸಿಗುತ್ತದೆ. ಸೈಟು ಕೊಂಡು, ಮನೆ ಕಟ್ಟಿ, ಗೇಟಿನೊಳಗೆ ಕಾರು ನಿಲ್ಲಿಸುವಷ್ಟು ಅನುಕೂಲವಿರುವವನಿಗೆ ಪರಿಸರಪ್ರೇಮ ಅಗ್ಗ. ಎರಡು ಕೋಣೆಯ ಮನೆಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಿಕೊಂಡು, ಇಎಂಐ ಮೇಲೆ ಕಾರು ತಂದವನಿಗೆ ಅದೇ ಪ್ರೇಮಕ್ಕೆ ನಾಲ್ಕು ಪಟ್ಟು ದಂಡ.

ಬಾಡಿಗೆದಾರರು ಹಾಗೆಂದು ಕೊರಗಬೇಕಿಲ್ಲ. ಬಿಎಂಟಿಸಿ 2021ರ ಕೊನೆಯಿಂದ ಎಲೆಕ್ಟ್ರಿಕ್ ಬಸ್ ಓಡಿಸುತ್ತಿದೆ. ಸದ್ದಿಲ್ಲ, ಹೊಗೆಯಿಲ್ಲ, ಮಹಿಳೆಯರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಚಾರ್ಜಿಂಗ್‌ಗಾಗಿ ಅದು ಯಾವ ಓನರ್ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಡಿಪೋ ಇದೆಯಲ್ಲ, ಅದಕ್ಕೂ ಸ್ವಂತ ಮನೆಯಿದೆ.